ಪಾಪುಗೆ ಫ್ಯಾಲೋ ಹಾರ್ಟ್ ಆಪರೇಷನ್ ಆದ ಎರಡನೇ ರಾತ್ರಿ ಬಡಿತ 210: ಮನೆಗೆ ಕರ್ಕೊಂಡು ಬಂದ ಮೇಲೆ ಏನು ನೋಡ್ಕೋಬೇಕು?

ಮಧುಗಿರಿ_ಅಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ಪಾಪುಗೆ ಎಂಟು ತಿಂಗಳು. ಹುಟ್ಟಿನಿಂದಲೇ ಹಾರ್ಟಿನಲ್ಲಿ ಟೆಟ್ರಾಲಜಿ ಆಫ್ ಫ್ಯಾಲೋ ಅಂತ ತೊಂದ್ರೆ ಇತ್ತು, ಅತ್ರೆ ತುಟಿ ಉಗುರು ನೀಲಿ ಆಗೋದು. ಬೆಂಗಳೂರಲ್ಲಿ ಆಪರೇಷನ್ ಆಯ್ತು. ತೂತು ಮುಚ್ಚಿ, ಶ್ವಾಸಕೋಶಕ್ಕೆ ಹೋಗೋ ದಾರಿ ಅಗಲ ಮಾಡಿದ್ರು. ಮೊದಲನೇ ದಿನ ಏನೂ ತೊಂದ್ರೆ ಇರಲಿಲ್ಲ. ಎರಡನೇ ರಾತ್ರಿ ನಮ್ಮನ್ನ ಕರೆದು, ಬಡಿತ 210 ದಾಟಿದೆ, ಜೆಟ್ ಅಂತ ತಾಳ ತಪ್ಪಿದ ಜೋರು ಬಡಿತ ಶುರುವಾಗಿದೆ, ಮೈ ತಣ್ಣಗೆ ಮಾಡ್ತಿದೀವಿ ಅಂದ್ರು. ಗಾಜಿನಾಚೆಯಿಂದ ನೋಡಿದ್ರೆ ಮೈಮೇಲೆ ಒಂದು ತುಂಡು ಬಟ್ಟೆ ಇಲ್ಲ, ಕೆಳಗೆ ತಣ್ಣೀರು ಹರಿಯೋ ಹಾಸಿಗೆ. ಎಳೇ ಮಗೂನ ಥಂಡಿಗೆ ಹಾಕವ್ರೆ ಅಂತ ನಮ್ಮಮ್ಮ ಕಾರಿಡಾರಲ್ಲೇ ಜಗಳಕ್ಕೆ ನಿಂತ್ರು. ಆಮೇಲೆ ಸರಿ ಹೋಯ್ತು, ದೇವರು ದೊಡ್ಡವನು.

ಈಗ ಊರಿಗೆ ಬಂದಿದೀವಿ. ಡಿಸ್ಚಾರ್ಜ್ ಸಮರಿಯಲ್ಲಿ ಜೆಟ್ ಬಂದಿತ್ತು, ನಿಂತಿದೆ, ಆರ್‌ಬಿಬಿಬಿ ಇದೆ ಅಂತ ಬರೆದವ್ರೆ. ಬಡಿತ ಹತೋಟಿಗೆ ತರೋ ಅಮಿಯೋಡರಾನ್ ಔಷಧಿ ಇನ್ನೂ ಕೆಲವು ವಾರ ಕೊಡಬೇಕಂತೆ. ನನ್ನ ಪ್ರಶ್ನೆ: ಅದು ಯಾಕೆ ಬಂತು? ತಿರುಗಿ ಬರುತ್ತಾ? ರಾತ್ರಿ ಹೊತ್ತು ಏನಾದ್ರೂ ಆದ್ರೆ ಮಧುಗಿರಿಯಿಂದ ಎಲ್ಲಿಗೆ ಓಡಬೇಕು? ಡಾಕ್ಟ್ರು ಹೇಳಿದ್ರು, ಆದ್ರೆ ಆ ಗಾಬರೀಲಿ ಅರ್ಧ ತಲೆಗೆ ಹೋಗಲಿಲ್ಲ.

ಮಾಲೂರು_ಸಿಸ್ಟರ್
ಅಣ್ಣ, ನಾನು ಬೆಂಗಳೂರಲ್ಲಿ ಮಕ್ಕಳ ಹಾರ್ಟ್ ಐಸಿಯುನಲ್ಲಿ ನರ್ಸು. ದಿನಾ ಮಾಲೂರಿಂದ ಟ್ರೈನಲ್ಲಿ ಓಡಾಡ್ತೀನಿ, ಟ್ರೈನಲ್ಲೇ ಕೂತು ಬರೀತಿದೀನಿ, ತಪ್ಪಿದ್ರೆ ಡಾಕ್ಟ್ರು ಯಾರಾದ್ರೂ ತಿದ್ದಲಿ.

ಹಾರ್ಟಿನ ಮೇಲಿನ ಕೋಣೆಯಲ್ಲಿ ಬಡಿತ ಶುರುಮಾಡೋ ಜಾಗ ಒಂದಿದೆ, ಸೈನಸ್ ನೋಡ್. ಅಲ್ಲಿಂದ ಹೊರಟ ಕರೆಂಟು ನಡುವಿನ ಎವಿ ನೋಡ್ ದಾಟಿ ಕೆಳಗಿನ ಕೋಣೆಗಳಿಗೆ ಇಳೀಬೇಕು. ಫ್ಯಾಲೋದಲ್ಲಿ ಮುಚ್ಚೋ ತೂತು ಈ ನಡುವಿನ ಜಾಗದ ಪಕ್ಕದಲ್ಲೇ ಇರುತ್ತೆ. ಹೊಲಿಗೆ ಹಾಕುವಾಗ, ಎಳೆದು ಹಿಡಿಯುವಾಗ ಅಲ್ಲಿ ಊತ ಬರುತ್ತೆ, ಒಳಗೇ ಸ್ವಲ್ಪ ರಕ್ತ ಒಸರುತ್ತೆ. ಆಗ ಆ ಜಾಗ ಕೆರಳಿ ತಾನೇ ಬಡಿತ ಹುಟ್ಟಿಸೋಕೆ ಶುರು ಮಾಡುತ್ತೆ, ಮೇಲಿನವರ ಮಾತು ಕೇಳಲ್ಲ. ಅದೇ ಜೆಟ್, ಜಂಕ್ಷನಲ್ ಎಕ್ಟೋಪಿಕ್ ಟ್ಯಾಕಿಕಾರ್ಡಿಯಾ ಅಂತ ಪೂರ್ತಿ ಹೆಸರು. ಸಣ್ಣ ಮಕ್ಕಳಲ್ಲೇ ಜಾಸ್ತಿ, ಆಪರೇಷನ್ ಆದ ಮೊದಲ ಎರಡು ಮೂರು ದಿನದಲ್ಲೇ ಜಾಸ್ತಿ. ಬಡಿತ ಜೋರಾಗಿರೋದು ಒಂದು ತೊಂದ್ರೆ. ಮೇಲಿನ ಕೋಣೆ, ಕೆಳಗಿನ ಕೋಣೆ ಒಂದಕ್ಕೊಂದು ತಾಳ ತಪ್ಪೋದು ಇನ್ನೂ ದೊಡ್ಡ ತೊಂದ್ರೆ. ಕೆಳಗಿನ ಕೋಣೆ ತುಂಬೋದೇ ಇಲ್ಲ, ಬಿಪಿ ಬೀಳುತ್ತೆ, ಯೂರಿನ್ ಕಮ್ಮಿ ಆಗುತ್ತೆ.

ತಣ್ಣಗೆ ಮಾಡೋದು ಅದಕ್ಕೇ. ಮೈ ಬಿಸಿ ಏರಿದಷ್ಟೂ ಜೆಟ್ ಏರುತ್ತೆ. 34–35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದ್ರೆ ಬಡಿತ ತಾನಾಗೇ ತಗ್ಗುತ್ತೆ. ಮಗು ನಡುಗಬಾರದು, ನಡುಗಿದ್ರೆ ಮಾಡಿದ್ದೆಲ್ಲಾ ವ್ಯರ್ಥ, ಅದಕ್ಕೆ ನಿದ್ದೆ ಔಷಧಿ ಕೊಟ್ಟು ಮಲಗಿಸಿರ್ತೀವಿ. ನಿಮ್ಮಮ್ಮನ ಕೋಪ ನಂಗೆ ಅರ್ಥ ಆಗುತ್ತೆ ಅಣ್ಣ, ಹಾಗೆ ಕೂಗೋ ಒಬ್ಬರು ಅಜ್ಜಿ ನಮಗೆ ಪ್ರತಿ ವಾರ ಸಿಗ್ತಾರೆ. ನಿಂತು ವಿವರಿಸೋಕೆ ಆ ಹೊತ್ತಲ್ಲಿ ನಮಗೂ ಪುರುಸೊತ್ತಿರಲ್ಲ.

ಇದರ ಜೊತೆಗೆ ಅಡ್ರಿನಲಿನ್, ಡೋಪಮಿನ್ ಥರದ ಡ್ರಿಪ್ ಎಷ್ಟು ಸಾಧ್ಯವೋ ಅಷ್ಟು ಇಳಿಸ್ತೀವಿ, ಯಾಕಂದ್ರೆ ಅವೇ ಬಡಿತ ಏರಿಸೋದು. ಪೊಟ್ಯಾಶಿಯಂ, ಮೆಗ್ನೀಶಿಯಂ ನೋಡಿ ಸರಿ ಮಾಡ್ತೀವಿ. ಆಮೇಲೆ ಅಮಿಯೋಡರಾನ್ ಡ್ರಿಪ್. ಅದು ಬಿಪಿ ಬೀಳಿಸುತ್ತೆ, ಹಾಗಾಗಿ ನಿಧಾನ. ಎಲ್ಲರೂ ಕೇಳ್ತಾರೆ, ಶಾಕ್ ಯಾಕೆ ಕೊಡಲ್ಲ ಅಂತ. ಜೆಟ್‌ಗೆ ಶಾಕ್ ಕೊಟ್ಟು ಪ್ರಯೋಜನ ಇಲ್ಲ, ಕೆರಳಿದ ಜಾಗ ಮತ್ತೆ ಅದನ್ನೇ ಮಾಡುತ್ತೆ.

ಎದೆ ಕೆಳಗೆ ತೆಳ್ಳಗಿನ ವೈರ್‌ಗಳು ಹೊರಗೆ ಬಂದಿದ್ದು ನೋಡಿರ್ತೀರ. ಎದೆ ಮುಚ್ಚೋಕೆ ಮುಂಚೆ ಸರ್ಜನ್ ಹಾರ್ಟಿನ ಮೇಲೇ ಚುಚ್ಚಿ ಇಟ್ಟಿರ್ತಾರೆ. ರೂಢಿ ಏನಂದ್ರೆ ಬಲಗಡೆ ಬಂದಿದ್ದು ಮೇಲಿನ ಕೋಣೇದು, ಎಡಗಡೇದು ಕೆಳಗಿನ ಕೋಣೇದು. ಉಪಯೋಗಿಸದೇ ಇರುವಾಗ ತುದಿಗಳನ್ನ ಗ್ಲೌಸಿನ ಬೆರಳು ಕತ್ತರಿಸಿ ಅದರೊಳಗೆ ಸೇರಿಸಿ ಎದೆಗೆ ಟೇಪ್ ಹಾಕ್ತೀವಿ, ಎಲ್ಲಿಂದಲೋ ಬಂದ ಕರೆಂಟು ಒಳಗೆ ಹೋಗಬಾರದು ಅಂತ. ಮಾನಿಟರಲ್ಲಿ ಮೇಲಿನ ಕೋಣೆ ಏನು ಮಾಡ್ತಿದೆ ಕಾಣ್ತಿಲ್ಲ ಅಂದ್ರೆ ಇಸಿಜಿ ಕ್ಲಿಪ್ಪನ್ನ ಆ ವೈರಿಗೇ ಸಿಕ್ಕಿಸಿ ತೆಗೀತೀವಿ, ಆಗ ಅಡಗಿದ್ದ ಪಿ ಅಲೆ ಎದ್ದು ಕಾಣುತ್ತೆ. ಜೆಟ್ ಹೌದೋ ಅಲ್ಲವೋ ಅಂತ ಹೆಚ್ಚಾಗಿ ಅಲ್ಲೇ ತೀರ್ಮಾನ ಆಗೋದು. ಬಡಿತ ಸ್ವಲ್ಪ ಇಳಿದ ಮೇಲೆ ಅದೇ ವೈರಿಂದ ಜೆಟ್‌ಗಿಂತ ಒಂಚೂರು ಜೋರಾಗಿ ಪೇಸ್ ಮಾಡಿದ್ರೆ, ಅಂದ್ರೆ ಹೊರಗಿಂದ ಕರೆಂಟು ಕೊಟ್ಟು ಬಡಿಸಿದ್ರೆ, ಎರಡೂ ಕೋಣೆ ಮತ್ತೆ ಜೊತೆಯಾಗಿ ಬಡಿಯುತ್ತೆ, ಬಿಪಿ ಕಣ್ಮುಂದೇನೇ ಏರುತ್ತೆ.

ತಿರುಗಿ ಬರುತ್ತಾ ಅಂದ್ರಲ್ಲ. ಆಪರೇಷನ್ ಆದ ಮೇಲೆ ಬರೋ ಜೆಟ್, ಊತ ಇಳಿದ ಮೇಲೆ ಹೋದ್ರೆ ಹೋಯ್ತು.

ಶಿರಾ_ಮಾವ
ಆಪರೇಷನ್ ಆದ್ರೆ ಗುಣ ಆಯ್ತು ಅಂತ ತಾನೇ ಹೇಳೋದು? ಮತ್ತೆ ಮಾತ್ರೆ, ಮತ್ತೆ ಇಸಿಜಿ, ಮತ್ತೆ ಬೆಂಗಳೂರು. ನಮ್ಮ ಅಕ್ಕನ ಮೊಮ್ಮಗಂದೂ ಇದೇ ಕಥೆ. ಬಸ್ಸು, ಊಟ, ಒಂದು ದಿನದ ಕೂಲಿ, ಇದನ್ನೆಲ್ಲ ಯಾರು ಕೊಡ್ತಾರೆ?

ಚಿಂತಾಮಣಿ_ಅಮ್ಮ
ಮಾವ, ನೀವು ಕೇಳೋದು ನ್ಯಾಯವಾಗೇ ಇದೆ, ದುಡ್ಡಿನ ವಿಷಯ ಆಮೇಲೆ ಬರೀತೀನಿ. ಮೊದಲು ನಮ್ಮ ಮಗಂದು ಹೇಳ್ತೀನಿ, ಅವನಿಗೆ ಆಗಿದ್ದು ಇದರ ಉಲ್ಟಾ.

ಅವನಿಗೆ ವಿಎಸ್‌ಡಿ, ಅಂದ್ರೆ ಕೆಳಗಿನ ಎರಡು ಕೋಣೆ ನಡುವೆ ತೂತು. ಮುಚ್ಚಿ ಹೊರಗೆ ಬಂದಾಗ ಬಡಿತ ಐವತ್ತೋ ಅರವತ್ತೋ, ಅಷ್ಟೇ. ಕಂಪ್ಲೀಟ್ ಹಾರ್ಟ್ ಬ್ಲಾಕ್. ಮೇಲಿಂದ ಕೆಳಗೆ ಕರೆಂಟು ಇಳೀತಾನೇ ಇಲ್ಲ. ಸಿಸ್ಟರ್ ಹೇಳಿದ್ರಲ್ಲ ಆ ವೈರ್‌ಗಳು, ಅದನ್ನ ಹೊರಗಿನ ಒಂದು ಡಬ್ಬಕ್ಕೆ ಸಿಕ್ಕಿಸಿ ಅದರಲ್ಲೇ ಹಾರ್ಟ್ ನಡೆಸಿದ್ರು. ಊತದಿಂದ ಆಗಿದ್ರೆ ಇಳಿಯುತ್ತೆ, 7ರಿಂದ 10 ದಿನ ನೋಡೋಣ, ಇಳೀದಿದ್ರೆ ಪರ್ಮನೆಂಟ್ ಪೇಸ್‌ಮೇಕರ್ ಅಂದ್ರು. ಆ ದಿನಗಳಲ್ಲಿ ನಾನು ಮಗು ಮುಖಕ್ಕಿಂತ ಆ ಡಬ್ಬದ ಮಿಣುಕು ದೀಪ ನೋಡಿದ್ದೇ ಜಾಸ್ತಿ. ನಮ್ಮವನದು ಇಳೀಲಿಲ್ಲ. ಪಕ್ಕದ ಬೆಡ್ಡಿನ ಶಿಡ್ಲಘಟ್ಟದ ಮಗೂದು ವಾರದೊಳಗೆ ತಾನಾಗೇ ಸರಿ ಹೋಯ್ತು.

ಪೇಸ್‌ಮೇಕರ್ ಹೊಟ್ಟೆಯಲ್ಲಿ ಇಟ್ಟಿದಾರೆ, ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು. ದೊಡ್ಡವರಿಗೆ ಭುಜದ ಹತ್ರ ಇಡ್ತಾರಲ್ಲ, ಸಣ್ಣ ಮಕ್ಕಳಿಗೆ ನರ ತೀರಾ ಸಣ್ಣದು, ಅದಕ್ಕೆ ವೈರನ್ನ ಹಾರ್ಟಿನ ಹೊರಮೈಗೇ ಹೊಲಿದು ಹೊಟ್ಟೆ ಕಡೆ ತರ್ತಾರೆ. ಮಗು ಬೆಳೆದಾಗ ವೈರ್ ಎಳೀಬಾರದು ಅಂತ ಒಳಗೆ ಒಂದು ಸುತ್ತು ಜಾಸ್ತಿ ಬಿಟ್ಟಿರ್ತಾರೆ. ಈಗ ಎರಡನೇ ಕ್ಲಾಸು, ರೇಷ್ಮೆ ಮನೆಯಲ್ಲಿ ಚಂದ್ರಿಕೆ ಎತ್ತೋಕೆ ಕರೆದ್ರೆ ಮಾತ್ರ ಸುಸ್ತು ಅಂತಾನೆ, ಆಟಕ್ಕೆ ಅಲ್ಲ.

ಕೆಜಿಎಫ್_ಹುಡುಗ
ಹಹ್ಹ, ಆ ಸುಸ್ತಿಗೆ ಪೇಸ್‌ಮೇಕರ್‌ದೇನೂ ತಪ್ಪಿಲ್ಲ ಅಕ್ಕ.

ಕಲ್ಪತರು_ಮಕ್ಕಳಡಾಕ್ಟರ್
ತುಮಕೂರಿನಲ್ಲಿ ಮಕ್ಕಳ ವೈದ್ಯ. ಹೃದ್ರೋಗ ತಜ್ಞನಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಬಂದ ಮಕ್ಕಳು ಜ್ವರ, ಭೇದಿ ಅಂತ ಮೊದಲು ಬರುವುದು ನನ್ನಂಥವರ ಹತ್ತಿರ. ಆ ಕಡೆಯಿಂದ ಹೇಳುತ್ತೇನೆ. ಸಿಸ್ಟರ್ ಬರೆದದ್ದರಲ್ಲಿ ತಿದ್ದುವಂಥದ್ದೇನೂ ಇಲ್ಲ.

ಮಧುಗಿರಿಯವರೇ, ನಿಮ್ಮ ಸಮರಿಯಲ್ಲಿರುವ ಆರ್‌ಬಿಬಿಬಿ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಅದೇ ಮುಖ್ಯ. ಫ್ಯಾಲೋ ರಿಪೇರಿ ಆದ ಬಹುಪಾಲು ಮಕ್ಕಳಲ್ಲಿ ಬಲಗಡೆಯ ಕರೆಂಟು ದಾರಿ ತಡವಾಗುತ್ತದೆ, ಇಸಿಜಿಯಲ್ಲಿ ಕೆಳಗಿನ ಕೋಣೆಗಳ ಬಡಿತದ ಗುರುತು, ಅಂದರೆ ಕ್ಯೂಆರ್‌ಎಸ್, ಅಗಲವಾಗಿ ಕಾಣುತ್ತದೆ. ಅದು ಆ ಮಗುವಿನ ಮಾಮೂಲು, ಗಾಬರಿ ಬೇಡ. ಆದರೆ ಮುಂದೊಂದು ದಿನ ಇದೇ ಮಗು ಜ್ವರದಲ್ಲಿ ಬಡಿತ 190 ಇಟ್ಟುಕೊಂಡು ರಾತ್ರಿ ಡ್ಯೂಟಿ ಡಾಕ್ಟರ ಮುಂದೆ ಬಂದರೆ, ಅವರ ಕಣ್ಣಿಗೆ ಕಾಣುವುದು ಅಗಲವಾದ, ವೇಗವಾದ ಬಡಿತ. ಅದು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎಂಬ ಅಪಾಯದ ಬಡಿತವೂ ಇರಬಹುದು, ಬರೀ ಜ್ವರದ ಬಡಿತವೂ ಇರಬಹುದು. ಹೋಲಿಸಿ ನೋಡಲು ಹಳೆಯ ಇಸಿಜಿ ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಊಹೆ. ನಮ್ಮ ಆಸ್ಪತ್ರೆಗಳಲ್ಲಿ ಸಮರಿಗೆ ಎಕೋ ರಿಪೋರ್ಟು ಪಿನ್ ಮಾಡಿ ಕೊಡುತ್ತಾರೆ, ಇಸಿಜಿ ಪಟ್ಟಿ ಕೊಡುವುದು ಕಡಿಮೆ. ಕೇಳಿ ಪಡೆಯಿರಿ. ಜೆಟ್ ಬಂದಾಗಿನದು, ಮನೆಗೆ ಕಳಿಸುವಾಗಿನದು, ಎರಡೂ. ಇಸಿಜಿ ಕಾಗದ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಮಾಸಿ ಹೋಗುತ್ತದೆ, ಹಾಗಾಗಿ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ.

ಇನ್ನು ಔಷಧಿ. ಅಮಿಯೋಡರಾನ್ ದೇಹದಲ್ಲಿ ಬಹಳ ದಿನ ಉಳಿಯುತ್ತದೆ, ನಿಲ್ಲಿಸಿದ ಮೇಲೂ ವಾರಗಟ್ಟಲೆ. ಹೆಚ್ಚು ಕಾಲ ಕೊಡಬೇಕಾದರೆ ಥೈರಾಯ್ಡ್, ಲಿವರ್ ಪರೀಕ್ಷೆ ಬೇಕು, ಬಿಸಿಲಿಗೆ ಮೈ ಒಡ್ಡಬಾರದು. ನಿಮಗೆ ಕೆಲವೇ ವಾರ ಅಂದರೆ ಅಷ್ಟು ಚಿಂತೆಯಿಲ್ಲ. ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಇಷ್ಟು ಎಂಎಲ್ ಅಂತ ಹೇಳಿರುತ್ತಾರೆ. ಚಮಚದ ಅಂದಾಜು ಬೇಡ, ಸೂಜಿ ಇಲ್ಲದ ಸಿರಿಂಜಿನಲ್ಲೇ ಅಳೆಯಿರಿ, ಪ್ರತಿ ಸಲ ಹೊಸದಾಗಿ ಕಲಸಿ. ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಕೊಡುತ್ತಿರುವ ಬೇರೆ ತಂದೆತಾಯಿ ಇದ್ದರೆ: ಮಗು ಹಾಲು ಬಿಟ್ಟು, ಊಟ ಬಿಟ್ಟು ಮಲಗಿದ್ದಾಗ ಅದನ್ನು ಕೊಟ್ಟರೆ ಸಕ್ಕರೆ ಅಂಶ ಇಳಿದು ಹೋಗಬಹುದು, ಡಾಕ್ಟರನ್ನು ಕೇಳದೆ ಕೊಡಬೇಡಿ. ಡಿಗಾಕ್ಸಿನ್ ಎಂಬ ಹೃದಯದ ಔಷಧಿ ಕುಡಿಸಿದ ಮೇಲೆ ವಾಂತಿಯಾದರೆ ಇನ್ನೊಂದು ಸಲ ಕುಡಿಸಬೇಡಿ. ವಾಂತಿ ಮುಂದುವರಿದರೆ ಡಿಗಾಕ್ಸಿನ್ ಜಾಸ್ತಿಯಾಗಿರುವ ಲಕ್ಷಣವೂ ಅದೇ.

ಮೆಡಿಕಲ್ ಸ್ಟೋರಿನವರು ನೆಗಡಿಗೆ ಕೊಡುವ ಸಿರಪ್ಪುಗಳಲ್ಲಿ ಫಿನೈಲೆಫ್ರಿನ್ ಇರುವುದು ಬಹಳ. ಬೇಡ. ವಾಂತಿಗೆ ಆಂಡಾನ್ಸೆಟ್ರಾನ್, ಡೊಂಪೆರಿಡೋನ್, ಕೆಮ್ಮಿಗೆ ಅಜಿಥ್ರೊಮೈಸಿನ್, ಇವು ಅಮಿಯೋಡರಾನ್ ಜೊತೆ ಸೇರಿದರೆ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗಿ ಬಡಿತ ತಪ್ಪಿಸಬಹುದು. ಬರೆಯುವ ಡಾಕ್ಟರಿಗೆ ಮೊದಲೇ ಹೇಳಿ, ಹೇಳಲು ಸಂಕೋಚ ಬೇಡ. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕುಡಿಯುವ ಮಗುವಿಗೆ ಭೇದಿ ಹತ್ತಿದರೆ ಪೊಟ್ಯಾಶಿಯಂ ಬೇಗ ಇಳಿಯುತ್ತದೆ, ಅವತ್ತೇ ತೋರಿಸಿ.

ಗೌರಿಬಿದನೂರು_ಪಿಟಿಮೇಷ್ಟ್ರು
ಡಾಕ್ಟ್ರೇ, ಪೇಸ್‌ಮೇಕರ್ ಇರೋ ಹುಡುಗಿ ಒಬ್ಳು ನಮ್ಮ ಶಾಲೆಗೆ ಈ ವರ್ಷ ಸೇರಿದ್ಲು. ಪೋಷಕರು ಓಟ ಬೇಡ, ಆಟ ಬೇಡ, ಪ್ರಾರ್ಥನೆಗೂ ನಿಲ್ಲಿಸಬೇಡಿ ಅಂತಾರೆ. ಹುಡುಗಿ ಮಾತ್ರ ಕೊಕ್ಕೋ ಸಾಲಲ್ಲಿ ಬಂದು ಕೂತ್ಕೊತಾಳೆ. ಏನು ಮಾಡ್ಲಿ?

ಕಲ್ಪತರು_ಮಕ್ಕಳಡಾಕ್ಟರ್
ಮೇಷ್ಟ್ರೇ, ಆಕೆಯ ಕಾರ್ಡಿಯಾಲಜಿಸ್ಟ್ ಏನು ಬರೆದಿದ್ದಾರೋ ಅದೇ ಕೊನೆ ಮಾತು. ಪೋಷಕರ ಭಯವೂ ಅಲ್ಲ, ನನ್ನ ಊಹೆಯೂ ಅಲ್ಲ. ಒಂದು ಚೀಟಿ ಬರೆಸಿ ತರಿಸಿ. ಸಾಮಾನ್ಯವಾಗಿ ಹೊಟ್ಟೆಗೆ, ಎದೆಗೆ ನೇರ ಪೆಟ್ಟು ಬೀಳುವ ಕಬಡ್ಡಿ, ಕುಸ್ತಿ ಬೇಡ ಅನ್ನುತ್ತಾರೆ, ಓಡಾಟಕ್ಕೆ ಅಡ್ಡಿ ಇರುವುದು ಕಡಿಮೆ. ಹೃದಯದ ಆಪರೇಷನ್ ಆದ ಯಾವುದೇ ಮಗು ಓಡುತ್ತಿರುವಾಗಲೇ ದೊಪ್ಪನೆ ಬಿದ್ದು ಪ್ರಜ್ಞೆ ತಪ್ಪಿದರೆ, ಎದ್ದು ಕೂತ ಮೇಲೂ ಅದನ್ನು ತಲೆಸುತ್ತು ಅಂತ ಬಿಡಬೇಡಿ. ಏಳದೆ, ಉಸಿರು ಸರಿ ಇರದೆ ಬಿದ್ದಿದ್ದರೆ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪೇಸ್‌ಮೇಕರ್ ಇದೆ ಅಂತ ಎದೆ ಒತ್ತಲು ಹೆದರಬೇಡಿ.

ಚಿಂತಾಮಣಿ_ಅಮ್ಮ
ಮೇಷ್ಟ್ರೇ, ನಮ್ಮವನು ಟೆನಿಸ್ ಬಾಲಲ್ಲಿ ಕ್ರಿಕೆಟ್ ಆಡ್ತಾನೆ. ಮನೇಲಿ ಮೊಬೈಲನ್ನ ಆ ಉಬ್ಬಿನ ಮೇಲೆ ಇಟ್ಕೊಂಡು ಮಲಗಬೇಡ ಅಂತೀವಿ, ಒಂದು ಗೇಣು ದೂರ ಇದ್ರೆ ಸಾಕು. ಆಯಸ್ಕಾಂತ ಇರೋ ಆಟದ ಸಾಮಾನು, ಸ್ಪೀಕರು ಹತ್ರ ತರಲ್ಲ. ಬೇರೆ ಎಲ್ಲಾ ಮಾಮೂಲು. ಬ್ಯಾಟರಿ ಮಕ್ಕಳಲ್ಲಿ 5ರಿಂದ 10 ವರ್ಷ ಅಂತಾರೆ, ಬಡಿತ ಜಾಸ್ತಿ ಇರೋದ್ರಿಂದ ದೊಡ್ಡವರಿಗಿಂತ ಬೇಗ ಮುಗಿಯುತ್ತೆ. ಬದಲಾಯಿಸೋ ಆಪರೇಷನ್ ಇದ್ದೇ ಇದೆ ಮುಂದೆ.

ಒಂದು ವಿಷಯ ಮಾತ್ರ ಯಾರೂ ಮುಂಚೆ ಹೇಳಲ್ಲ. ಪೇಸ್‌ಮೇಕರ್ ಚೆಕ್ ಮಾಡೋ ಮಿಷನ್ನು ಆಯಾ ಕಂಪನೀದೇ ಬೇಕು, ಒಂದು ಕಂಪನಿ ಮಿಷನ್ನು ಇನ್ನೊಂದನ್ನ ಓದಲ್ಲ. ಒಂದ್ಸಲ ಜ್ವರ ಅಂತ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋದಾಗ ಯಾವ ಕಂಪನೀದು ಅಂದ್ರು, ನಮಗೆ ಗೊತ್ತಿರಲಿಲ್ಲ, ಆಪರೇಷನ್ ಆದ ಕಡೆ ಫೋನ್ ಮಾಡಿದ್ರೆ ರೆಕಾರ್ಡ್ ರೂಮ್ ಮುಚ್ಚಿದೆ ಅಂದ್ರು. ಪೇಸ್‌ಮೇಕರ್ ವಿವರ ಇರೋ ಕಾರ್ಡೇ ಕೊಟ್ಟಿರಲಿಲ್ಲ ಅವರು. ಆಮೇಲೆ ಜಗಳ ಆಡಿ ಈಸ್ಕೊಂಡೆ. ಅದರಲ್ಲಿ ಕಂಪನಿ, ಮಾಡೆಲ್, ವೈರ್ ಯಾವ್ದು, ನಿಮಿಷಕ್ಕೆ ಕನಿಷ್ಠ ಎಷ್ಟು ಬಡಿತಕ್ಕೆ ಸೆಟ್ ಮಾಡಿದಾರೆ, ಎಲ್ಲಾ ಇರುತ್ತೆ. ಆ ಕನಿಷ್ಠ ನಂಬರ್ ಬಾಯಿಪಾಠ ಇರಲಿ. ನಾಡಿ ಅದಕ್ಕಿಂತ ಕೆಳಗೆ ಸಿಕ್ಕಿದ್ರೆ ಕಾಯೋ ಹಾಗಿಲ್ಲ, ಹೊರಡಬೇಕು.

ಮಾವ, ದುಡ್ಡು: ಹುಟ್ಟಿನಿಂದ 18 ವರ್ಷದವರೆಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಅಂತ ಸರ್ಕಾರಿ ಯೋಜನೆ ಇದೆ, 2013ರಿಂದ ನಡೀತಿದೆ. ಅಂಗನವಾಡಿಗೂ ಶಾಲೆಗೂ ಬಂದು ನೋಡೋ ಡಾಕ್ಟರ ತಂಡ ಅದೇ. ನಮ್ಮವನ ತೂತು ಕಂಡುಹಿಡಿದಿದ್ದೇ ಅವರು. ಅವರ ಚೀಟಿ, ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಹಿಡಿದು ಹೋದ್ರೆ ಆಪರೇಷನ್‌ಗೆ ನಮ್ಮ ಕೈಯಿಂದ ಹೋಗಲಿಲ್ಲ. ವೈಟ್‌ಫೀಲ್ಡ್ ಸತ್ಯಸಾಯಿ ಆಸ್ಪತ್ರೆಯಲ್ಲಂತೂ ಯಾರಿಗೂ ಬಿಲ್ಲೇ ಇಲ್ಲ. ಬಸ್ಸು, ಊಟ, ಕೂಲಿ ನೀವು ಹೇಳಿದ ಹಾಗೆ ನಮ್ಮದೇ. ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ.

ಕೆಜಿಎಫ್_ಹುಡುಗ
ನಾನು ಫ್ಯಾಲೋ ಆಪರೇಷನ್ ಆಗಿ ದೊಡ್ಡವನಾದವನು. ಶಿರಾ ಮಾವ ಕೇಳಿದ್ದಕ್ಕೆ ನನ್ನ ಕಥೆ ಹೇಳ್ತೀನಿ.

ಐದನೇ ವಯಸ್ಸಲ್ಲಿ ಆಪರೇಷನ್. ಹತ್ತನೇ ಕ್ಲಾಸಿನಲ್ಲಿದ್ದಾಗ, ಎಲ್ಲಾ ಸರಿ ಇದೆ, ಇನ್ನು ಬರಬೇಕಾಗಿಲ್ಲ ಅಂತ ಹೇಳಿ ಕಳಿಸಿದ್ರು. ನಮ್ಮಪ್ಪ ಅವತ್ತು ಓಣಿಗೆಲ್ಲಾ ಮೈಸೂರ್‌ಪಾಕ್ ಹಂಚಿದ್ರು. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಸ್ವರ್ಣ ಟ್ರೈನ್ ಹತ್ತುವಾಗ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಕೂತ್ರೂ ನಿಲ್ಲಲ್ಲ, ನೀರು ಕುಡಿದ್ರೂ ನಿಲ್ಲಲ್ಲ. ಒಂದು ಕ್ಲಿನಿಕ್ಕಲ್ಲಿ ಗ್ಯಾಸ್ ಅಂದ್ರು, ಇನ್ನೊಂದ್ರಲ್ಲಿ ಟೆನ್ಷನ್ ಅಂದ್ರು. ಎರಡು ಕಡೇನೂ ಬಡಿತ 150. ಮಲಗಿದ್ರೂ 150, ಮೆಟ್ಟಿಲು ಹತ್ತಿದ್ರೂ 150. ಕೊನೆಗೆ ಬೆಂಗಳೂರಲ್ಲಿ ಇಸಿಜಿ ನೋಡಿದ ಡಾಕ್ಟ್ರು ಹೇಳಿದ್ದು: ಟೆನ್ಷನ್ ಆಗಿದ್ರೆ ಏರಿಳಿತ ಇರಬೇಕಿತ್ತು, ಹೀಗೆ ಒಂದೇ ನಂಬರಿಗೆ ಅಂಟಿಕೊಂಡು ಕೂತಿರೋದು ಏಟ್ರಿಯಲ್ ಫ್ಲಟರ್. ಚಿಕ್ಕಂದಿನಲ್ಲಿ ಮೇಲಿನ ಕೋಣೆ ಕೊಯ್ದು ಹೊಲಿದ ಗಾಯದ ಗುರುತಿನ ಸುತ್ತ ಕರೆಂಟು ಗಿರಗಿರ ಸುತ್ತುತ್ತಾ ಇತ್ತು. ಮೇಲಿನ ಕೋಣೆ 300 ಬಡೀತಿತ್ತು, ಎರಡರಲ್ಲಿ ಒಂದು ಮಾತ್ರ ಕೆಳಗೆ ಇಳೀತಿತ್ತು.

ತಕ್ಷಣ ಶಾಕ್ ಕೊಡಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಅದು ಮಿದುಳಿಗೆ ಹೋಗುತ್ತೆ ಅಂತ ಗಂಟಲಲ್ಲಿ ಟ್ಯೂಬ್ ಇಳಿಸಿ ಎಕೋ ಮಾಡಿ, ರಕ್ತ ತೆಳು ಮಾಡೋ ಔಷಧಿ ಕೊಟ್ಟು ಆಮೇಲೆ ಕೊಟ್ರು. ಕೆಲವು ತಿಂಗಳಾದ ಮೇಲೆ ತೊಡೆ ನರದಿಂದ ಹೋಗಿ ಆ ಸುತ್ತೋ ದಾರೀನ ಸುಟ್ಟು ಮುಚ್ಚಿದ್ರು, ಅಬ್ಲೇಷನ್ ಅಂತ. ಈಗ ಆರಾಮ್. ಫ್ಯಾಲೋ ಆದವರಲ್ಲಿ ಶ್ವಾಸಕೋಶದ ವಾಲ್ವ್ ಸೋರಿ ಬಲಗಡೆ ಕೋಣೆ ಹಿಗ್ಗುತ್ತಾ ಹೋದ್ರೆ ಕ್ಯೂಆರ್‌ಎಸ್ ಇನ್ನೂ ಅಗಲ ಆಗುತ್ತಂತೆ. ಅದು 180 ಮಿಲಿಸೆಕೆಂಡ್ ದಾಟಿದೆಯಾ ಅಂತ ನೋಡ್ತಾರೆ, ದಾಟಿದ್ರೆ ಕೆಳಗಿನ ಕೋಣೆಯ ಅಪಾಯದ ಬಡಿತದ ಸಾಧ್ಯತೆ ಜಾಸ್ತಿ. ನಂದು ವರ್ಷಾ ವರ್ಷಾ ಅಳೀತಾರೆ. ಡಾಕ್ಟ್ರು ಹೇಳಿದ ಹಳೆ ಇಸಿಜಿ ಇಲ್ಲೂ ಕೆಲಸಕ್ಕೆ ಬರುತ್ತೆ. ನಂದು ಚಿಕ್ಕವಯಸ್ಸಿಂದು ಒಂದೂ ಸಿಗಲಿಲ್ಲ, ಹಾಗಾಗಿ ಅಗಲ ಆಗ್ತಾ ಬಂದಿದ್ಯಾ, ಮೊದಲಿಂದಾನೂ ಹಿಂಗೇನಾ, ಯಾರಿಗೂ ಹೇಳೋಕಾಗಲಿಲ್ಲ.

ಶಿರಾ_ಮಾವ
ಇದನ್ನ ನಮ್ಮ ಅಕ್ಕನ ಮನೇವ್ರಿಗೆ ಓದಿ ಹೇಳಿದೆ ಕಣಪ್ಪ. ವರ್ಷಕ್ಕೊಂದ್ಸಲ ಅಂದ್ರೆ ಹೋಗಬಹುದು ಬಿಡು.

ಮಧುಗಿರಿ_ಅಪ್ಪ
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಸಮರಿ ಜೊತೆ ಇಸಿಜಿ ಇಲ್ಲ, ನಾಳೇನೇ ಫೋನ್ ಮಾಡ್ತೀನಿ. ಇನ್ನೊಂದು, ನನ್ನ ಬಾಮೈದ ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ತಂದುಕೊಟ್ಟವ್ನೆ. ಮನೆಯವಳು ರಾತ್ರಿಯೆಲ್ಲಾ ಎದ್ದು ಎದ್ದು ಹಾಕ್ತಾಳೆ, ಒಂದ್ಸಲ 80 ತೋರಿಸುತ್ತೆ, ಒಂದ್ಸಲ 170. ನಿದ್ದೆ ಇಲ್ಲ.

ಮಾಲೂರು_ಸಿಸ್ಟರ್
ಅದನ್ನ ಬೀರುವಲ್ಲಿಡಿ ಅಣ್ಣ. ದೊಡ್ಡವರ ಬೆರಳಿಂದು ಮಗು ಬೆರಳಿಗೆ ಕೂರಲ್ಲ, ಕಾಲು ಆಡಿಸಿದ್ರೆ ಏನೇನೋ ತೋರಿಸುತ್ತೆ. ಅತ್ತಿಗೇಗೆ ಹೇಳಿ: ಮಗು ನಿದ್ದೇಲಿದ್ದಾಗ ಎದೆ ಎಡಗಡೆ ಅಂಗೈ ಇಟ್ಟು ಗಡಿಯಾರ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸಲಿ, ದಿನಕ್ಕೊಂದ್ಸಲ ಸಾಕು, ಬರೆದಿಡಲಿ. ನಿದ್ದೇಲಿ ಕಮ್ಮಿ, ಅಳುವಾಗ ಜಾಸ್ತಿ, ಅದು ಸಹಜ. ಈ ವಯಸ್ಸಲ್ಲಿ ಸುಮ್ನೆ ಮಲಗಿದ್ದಾಗಲೂ ಎಣಿಸೋಕೇ ಆಗದಷ್ಟು, 220ರ ಹತ್ರ ಇದ್ರೆ ಮಾತ್ರ ಅದು ಬೇರೆ. ಹಾಲು ಕುಡಿಯೋಲ್ಲ, ಬೆವರುತ್ತೆ, ಮೈ ಬಿಳಿಚ್ಕೊಳ್ಳುತ್ತೆ, ಎತ್ತಿದ್ರೆ ಜೋಲುತ್ತೆ, ಇದ್ರಲ್ಲಿ ಯಾವ್ದಾದ್ರೂ ಕಂಡ್ರೆ ನಂಬರ್ ನೋಡ್ತಾ ಕೂರಬೇಡಿ.

ಕಲ್ಪತರು_ಮಕ್ಕಳಡಾಕ್ಟರ್
ಹೌದು. ಎಲ್ಲಿಗೆ ಓಡಬೇಕು ಅಂತ ಮೊದಲೇ ಕೇಳಿದ್ದಿರಿ. ರಾತ್ರಿ ಹೊತ್ತು ಮಧುಗಿರಿಯಿಂದ ನೇರ ಬೆಂಗಳೂರಿಗೆ ಹೊರಡಬೇಡಿ. ಹತ್ತಿರದಲ್ಲಿ ಇಸಿಜಿ, ಆಕ್ಸಿಜನ್, ಐವಿ ಹಾಕುವ ಕೈ ಇರುವ ಕಡೆ, ಅಂದರೆ ತಾಲ್ಲೂಕು ಆಸ್ಪತ್ರೆ ಅಥವಾ ತುಮಕೂರು. ಅಲ್ಲಿ ಇಸಿಜಿ ತೆಗೆದು ಬೆಂಗಳೂರಿನ ನಿಮ್ಮ ಆಸ್ಪತ್ರೆಗೆ ಕಳಿಸಿದರೆ ಮುಂದೇನು ಅಂತ ಅವರು ಫೋನಲ್ಲೇ ಹೇಳುತ್ತಾರೆ. ಬಡಿತ ಜೋರಾಗಿರುವಾಗಲೇ ತೆಗೆದ ಪಟ್ಟಿ ಮುಖ್ಯ, ನಿಂತ ಮೇಲೆ ತೆಗೆದರೆ ಅದು ಯಾವ ಬಡಿತ ಅಂತ ಹೆಚ್ಚಾಗಿ ಗೊತ್ತಾಗುವುದಿಲ್ಲ. ಕಣ್ಣುಗುಡ್ಡೆ ಒತ್ತಿದರೆ ಬಡಿತ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಮಗುವಿನ ಕಣ್ಣು ಹೋಗಬಹುದು.

ಮಧುಗಿರಿ_ಅಪ್ಪ
ಆಯ್ತು ಸರ್. ಮುಂದಿನ ವಾರ ಬಡಿತ ದಾಖಲಿಸೋ ಹೋಲ್ಟರ್ ಮಿಷನ್ ಕಟ್ಟಿ 24 ಗಂಟೆ ಬಿಡ್ತಾರಂತೆ. ಅದು ಇರುವಾಗ ಸ್ನಾನ ಮಾಡಿಸಬಹುದಾ? ನಮ್ಮಮ್ಮ ದಿನಾ ಎಣ್ಣೆ ಹಚ್ಚಿ ನೀರು ಹಾಕ್ಬೇಕು ಅಂತಾರೆ.

ಮಾಲೂರು_ಸಿಸ್ಟರ್
ಕಟ್ಟಿರುವಾಗ ಬೇಡ. ಹೊರಡೋ ಮುಂಚೆ ಗಾಯದ ಜಾಗ ಬಿಟ್ಟು ಮೈ ಒರೆಸಿ, ಅವತ್ತು ಎದೆಗೆ ಎಣ್ಣೆ, ಪೌಡರ್ ಏನೂ ಹಚ್ಚಬೇಡಿ, ಸ್ಟಿಕ್ಕರ್ ಕೂರಲ್ಲ. ಮುಂದಕ್ಕೆ ಬಟನ್ ಇರೋ ಅಂಗಿ ಹಾಕಿ. ಒಂದು ಹಾಳೇಲಿ ಹಾಲು ಕುಡಿದ ಹೊತ್ತು, ಅತ್ತ ಹೊತ್ತು, ಔಷಧಿ ಕೊಟ್ಟ ಹೊತ್ತು ಬರೆದಿಡಿ, ಮಿಷನ್ ವಾಪಸ್ ಕೊಡುವಾಗ ಅದನ್ನೂ ಕೊಡಿ. ಅಮ್ಮನಿಗೆ ಮಾರನೇ ದಿನ ಎಣ್ಣೆ ಹಚ್ಚೋಕೆ ಬಿಡಿ, ಗಾಯದ ಮೇಲೆ ಮಾತ್ರ ಬೇಡ.